ರೋಲ್, ಉರುಳು, ಒರಳು: ಪದಗಳ ಐಕ್ಯ ಮತ್ತು ಭೇದ

ಹೈದರಾಬಾದಿನ ಕನ್ನಡ ವಿದ್ಯಾರ್ಥಿಯ ಕಿವಿಗೆ ‘ರೋಲ್’ ಎಂಬ ಧ್ವನಿ ದಿನಕ್ಕೆ ಹಲವು ಸಲ ಬೀಳುತ್ತದೆ. ತರಗತಿಯಲ್ಲಿ ಅದು ಹಾಜರಿ ಪುಸ್ತಕದ ಕ್ರಮಸಂಖ್ಯೆ. ಚಲನಚಿತ್ರದ ಮಾತಿನಲ್ಲಿ ಅದು ನಟನ ಪಾತ್ರ. ಸಂಜೆಯ ತಿಂಡಿ ಅಂಗಡಿಯಲ್ಲಿ ಅದು ಮೊಟ್ಟೆಯನ್ನೋ ಮಾಂಸವನ್ನೋ ಒಳಗಿಟ್ಟು ಸುತ್ತಿದ ರೊಟ್ಟಿ. ನೆರೆಮನೆಯ ತೆಲುಗು ಅಜ್ಜಿ ‘ರೋಲು’ ಎಂದರೆ ಅದು ಇವುಗಳಲ್ಲಿ ಯಾವುದೂ ಅಲ್ಲ. ಧಾನ್ಯ ಕುಟ್ಟುವ ಒರಳು. ಒಂದೇ ಧ್ವನಿಗೆ ನಾಲ್ಕು ಅರ್ಥಗಳು. ಇವು ಒಂದು ಪದದ ನಾಲ್ಕು ಅರ್ಥಗಳೋ, ಅಥವಾ ಒಂದೇ ಧ್ವನಿಯನ್ನು ಹಂಚಿಕೊಂಡ ಬೇರೆ ಬೇರೆ ಪದಗಳೋ? ಕೇಳಲು ಸರಳವಾದ ಈ ಪ್ರಶ್ನೆ ನಿಘಂಟುಕಾರನನ್ನೂ ಅನುವಾದಕನನ್ನೂ ಭಾಷಾ ವಿದ್ಯಾರ್ಥಿಯನ್ನೂ ಸಮಾನವಾಗಿ ಕಾಡುವಂಥದು. ಅರ್ಥದ ಹೋಲಿಕೆಯನ್ನೇ ನಂಬಿದರೆ ಇಲ್ಲಿ ಹೇಗೆ ದಾರಿ ತಪ್ಪುತ್ತದೆ ಎಂಬುದನ್ನು ಇಂಗ್ಲಿಷಿನ ‘ರೋಲ್’ ಹಾಗೂ ಕನ್ನಡದ ‘ಉರುಳು’ ಪದಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಚಕ್ರದಿಂದ ಪಟ್ಟಿಯವರೆಗೆ

ಲ್ಯಾಟಿನ್ ಭಾಷೆಯಲ್ಲಿ ‘ರೋಟ’ ಎಂದರೆ ಚಕ್ರ. ಅದರಿಂದ ಹುಟ್ಟಿದ ಅಲ್ಪಾರ್ಥಕ ರೂಪ ‘ರೋಟುಲುಸ್’, ಅಂದರೆ ಚಿಕ್ಕ ಚಕ್ರ. ಈ ರೂಪವೇ ಹಳೆಯ ಫ್ರೆಂಚಿನ ಮೂಲಕ ಸವೆದು ಇಂಗ್ಲಿಷಿನ ‘ರೋಲ್’ ಆಯಿತು. ಸಂಸ್ಕೃತದ ‘ರಥ’ ಶಬ್ದವೂ ಲ್ಯಾಟಿನ್ನಿನ ‘ರೋಟ’ ಶಬ್ದವೂ ಒಂದೇ ಇಂಡೋ-ಯುರೋಪಿಯನ್ ಮೂಲದವು ಎಂಬುದು ತೌಲನಿಕ ಭಾಷಾವಿಜ್ಞಾನದ ಒಪ್ಪಿತ ನಿರ್ಣಯ. ಆದುದರಿಂದ ಜಾತ್ರೆಯ ರಥಕ್ಕೂ ತರಗತಿಯ ರೋಲ್ ನಂಬರಿಗೂ ದೂರದ ದಾಯಾದಿ ಸಂಬಂಧವಿದೆ. ಮೇಲ್ನೋಟದ ಅರ್ಥದಿಂದ ಇದನ್ನು ಯಾರೂ ಊಹಿಸಲಾರರು.

ಚಕ್ರವು ಪಟ್ಟಿಯಾದ ಬಗೆಯನ್ನು ಹಂತಹಂತವಾಗಿ ನೋಡಬಹುದು. ಮಧ್ಯಯುಗದ ಯುರೋಪಿನಲ್ಲಿ ಆಡಳಿತದ ದಾಖಲೆಗಳನ್ನು ಹದ ಮಾಡಿದ ಚರ್ಮದ ಹಾಳೆಗಳ ಮೇಲೆ ಬರೆದು, ಒಂದಕ್ಕೊಂದು ಹೊಲಿದು, ಸುತ್ತಿ ಇಡುತ್ತಿದ್ದರು. ಸುತ್ತಿಟ್ಟ ಚರ್ಮವನ್ನು ತುದಿಯಿಂದ ನೋಡಿದರೆ ಅದು ಚಿಕ್ಕ ಚಕ್ರದಂತೆಯೇ ಕಾಣುತ್ತದೆ. ಆಕಾರದ ಸಾಮ್ಯದಿಂದ ಸುರುಳಿಗೆ ಆ ಹೆಸರು ಬಂದಿತು. ಮುಂದೆ ಸುರುಳಿಯ ಹೆಸರು ಅದರ ಮೇಲಿನ ಬರಹಕ್ಕೆ ಸಂದಿತು. ಆ ಬರಹಗಳಲ್ಲಿ ಜನರ ಹೆಸರುಗಳ ಪಟ್ಟಿಯೂ ಇದ್ದುದರಿಂದ ‘ರೋಲ್’ ಎಂದರೆ ಹೆಸರುಗಳ ಪಟ್ಟಿ ಎಂಬ ಅರ್ಥ ನೆಲೆಗೊಂಡಿತು. ಪಟ್ಟಿಯನ್ನು ಓದಿ ಕರೆಯುವುದು ಹಾಜರಿ ಕರೆಯಾಯಿತು. ಪಟ್ಟಿಯಲ್ಲಿ ಹೆಸರಿನ ಸ್ಥಾನ ಕ್ರಮಸಂಖ್ಯೆಯಾಯಿತು. ಇಂದು ತರಗತಿಯಲ್ಲಿ ಚರ್ಮವೂ ಇಲ್ಲ, ಸುರುಳಿಯೂ ಇಲ್ಲ. ವಸ್ತು ಹೋದರೂ ಹೆಸರು ಉಳಿದಿದೆ.

ನಟನ ‘ರೋಲ್’ ಇದೇ ಸುರುಳಿಯ ಇನ್ನೊಂದು ಕವಲು. ಫ್ರಾನ್ಸಿನ ರಂಗಭೂಮಿಯಲ್ಲಿ ಒಬ್ಬೊಬ್ಬ ನಟನು ಆಡಬೇಕಾದ ಮಾತುಗಳನ್ನು ಬೇರೆ ಬೇರೆ ಕಾಗದದ ಸುರುಳಿಗಳಲ್ಲಿ ಬರೆದುಕೊಡುತ್ತಿದ್ದರು. ಸುರುಳಿ ಕೈಗೆ ಬಂದರೆ ಪಾತ್ರ ಕೈಗೆ ಬಂದಂತೆ. ಇಂಗ್ಲಿಷು ಈ ಅರ್ಥವನ್ನು ಫ್ರೆಂಚಿನಿಂದ ಮರಳಿ ಪಡೆದಾಗ ಬೇರೆ ಕಾಗುಣಿತ ಕೊಟ್ಟಿತು. ಇಂಗ್ಲಿಷ್ ನಿಘಂಟಿನಲ್ಲಿ ಹಾಜರಿಯ ರೋಲ್ ಮತ್ತು ನಟನ ರೋಲ್ ಎರಡು ಬೇರೆ ನಮೂದುಗಳು. ಕನ್ನಡ ಲಿಪಿಯಾದರೋ ಎರಡನ್ನೂ ‘ರೋಲ್’ ಎಂದೇ ಬರೆಯುತ್ತದೆ. ಹಾಗೆ ಬರೆಯುವಾಗ ಕನ್ನಡಿಗನು, ತನಗರಿವಿಲ್ಲದೆ, ಇಂಗ್ಲಿಷಿನ ಕಾಗುಣಿತವು ಅಗಲಿಸಿದ್ದ ಎರಡು ಕವಲುಗಳನ್ನು ಮತ್ತೆ ಕೂಡಿಸುತ್ತಾನೆ. ‘ಕಂಟ್ರೋಲ್’ ಎಂಬ ಪದವೂ ಇದೇ ಬಳಗದ್ದು: ಲೆಕ್ಕದ ಮೂಲ ಸುರುಳಿಯನ್ನು ತಾಳೆ ನೋಡಲು ಇಟ್ಟುಕೊಂಡ ಪ್ರತಿಸುರುಳಿ ಎಂಬುದು ಅದರ ಮೊದಲ ಅರ್ಥ. ಪಡಿತರದ ಕಾಲದಲ್ಲಿ ಹಳ್ಳಿಗರು ‘ಕಂಟ್ರೋಲ್ ಅಂಗಡಿ’ ಎಂದಾಗ ಅವರ ಬಾಯಲ್ಲಿಯೂ ಆ ಚಿಕ್ಕ ಚಕ್ರವೇ ತಿರುಗುತ್ತಿತ್ತು.

೨. ಕನ್ನಡದಲ್ಲಿ ಸುರುಳಿ ಪಟ್ಟಿಯಾಗಲಿಲ್ಲವೇಕೆ?

ಕನ್ನಡದಲ್ಲಿ ‘ಸುರುಳಿ’ ಇದೆ, ಆದರೆ ಅದಕ್ಕೆ ಹೆಸರುಗಳ ಪಟ್ಟಿ ಎಂಬ ಅರ್ಥವಿಲ್ಲ. ಇದು ಭಾಷೆಯ ಕೊರತೆಯಲ್ಲ, ಬರಹದ ಸಾಮಗ್ರಿಯ ಫಲ. ಕರ್ನಾಟಕದಲ್ಲಿ ಗ್ರಂಥಗಳನ್ನು ಬರೆದದ್ದು ತಾಳೆಗರಿಯ ಮೇಲೆ. ಗರಿಯನ್ನು ಸುತ್ತಿದರೆ ಅದು ಸೀಳುತ್ತದೆ; ಆದ್ದರಿಂದ ಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಹಲಗೆಗಳ ನಡುವೆ ಕಟ್ಟಿ ಇಡುತ್ತಿದ್ದರು. ‘ಓಲೆ’, ‘ಗರಿ’, ‘ಕಟ್ಟು’ ಎಂಬ ಪದಗಳು ಈ ಪದ್ಧತಿಯಿಂದ ಬಂದವು. ಲೆಕ್ಕಪತ್ರಗಳಿಗೆ ಬಳಕೆಯಾದದ್ದು ‘ಕಡತ’. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಮಾಡಿ, ಬಳಪದಿಂದ ಬರೆದು, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸ ವಿದ್ಯಾರ್ಥಿಗಳಿಗೆ ಸುಪರಿಚಿತ. ಅಂದರೆ ಯುರೋಪಿನ ಲೆಕ್ಕಿಗ ಸುತ್ತಿದ್ದನ್ನು ಕನ್ನಡದ ಲೆಕ್ಕಿಗ ಮಡಚಿದ.

ಆದರೂ ಅರ್ಥಪಲ್ಲಟದ ಬಗೆ ಎರಡೂ ಕಡೆ ಒಂದೇ ಎಂಬುದು ಗಮನಾರ್ಹ. ಕಪ್ಪು ಬಟ್ಟೆಯ ಪುಸ್ತಕವೆಂಬ ಅರ್ಥವನ್ನು ಕಳೆದುಕೊಂಡ ‘ಕಡತ’ ಇಂದು ಸರ್ಕಾರಿ ಕಚೇರಿಯ ಫೈಲಿಗೆ ಹೆಸರಾಗಿದೆ. ‘ಪಟ್ಟಿ’ ಎಂದರೆ ಮೊದಲು ಬಟ್ಟೆಯ ಉದ್ದನೆಯ ತುಂಡು. ಗಾಯಕ್ಕೆ ಕಟ್ಟುವ ಪಟ್ಟಿಯಲ್ಲಿ ಆ ಅರ್ಥ ಇಂದಿಗೂ ಇದೆ. ಅದೇ ಪದ ಈಗ ಮತದಾರರ ಪಟ್ಟಿ, ದರಪಟ್ಟಿ, ಅಂಕಪಟ್ಟಿಗಳಲ್ಲಿ ನಿಂತಿದೆ. ಇಂಗ್ಲಿಷಿನ ‘ಲಿಸ್ಟ್’ ಕೂಡ ಮೂಲದಲ್ಲಿ ಬಟ್ಟೆಯ ಅಂಚು ಅಥವಾ ಉದ್ದನೆಯ ತುಂಡು ಎಂಬ ಅರ್ಥದ ಪದವೇ. ಸಂಬಂಧವಿಲ್ಲದ ಭಾಷೆಗಳು ಒಂದೇ ದಾರಿಯಲ್ಲಿ ನಡೆಯಬಲ್ಲವು. ಆದರೆ ಒಂದೇ ದಾರಿಯಲ್ಲಿ ನಡೆದ ಮಾತ್ರಕ್ಕೆ ಅವು ಒಂದೇ ಮನೆಯವು ಆಗುವುದಿಲ್ಲ.

ಹೈದರಾಬಾದಿನಲ್ಲಿ ಇನ್ನೊಂದು ಪದರ ಸೇರಿಕೊಂಡಿತು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉನ್ನತ ಶಿಕ್ಷಣವನ್ನು ಉರ್ದು ಮಾಧ್ಯಮದಲ್ಲಿ ನೀಡಿತು. ಅದಕ್ಕೆ ಬೇಕಾದ ಪಠ್ಯಗಳಿಗಾಗಿ ೧೯೧೭ರಲ್ಲಿಯೇ ಅನುವಾದ ಸಂಸ್ಥೆಯೊಂದು ಆರಂಭವಾಗಿತ್ತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಂದ ಬಂದು ಇಲ್ಲಿ ಓದಿದ ಕನ್ನಡಿಗರಿಗೆ ತರಗತಿಯ ಪದ ‘ಹಾಜಿರಿ’. ಅರಬ್ಬಿ ಮೂಲದ ಈ ಪದದ ತಿರುಳು ‘ಎದುರಿಗೆ ಇರುವುದು’. ೧೯೪೮ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಅನಂತರ ಇಂಗ್ಲಿಷ್ ಮಾಧ್ಯಮ ಬಂದಿತು. ೧೯೫೬ರಲ್ಲಿ ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ‘ಹಾಜರಿ’ ಮಾತ್ರ ಕದಲಲಿಲ್ಲ. ಇಂದಿಗೂ ಕನ್ನಡ ಶಾಲೆಯಲ್ಲಿ ಕರೆಯುವುದು ಹಾಜರಿ, ಬರೆಯುವುದು ರೋಲ್ ನಂಬರ್. ಒಂದು ಪದ ಮನುಷ್ಯನ ಇರುವಿಕೆಯನ್ನು ಹೇಳುತ್ತದೆ, ಇನ್ನೊಂದು ಬರಹದ ಸಾಮಗ್ರಿಯನ್ನು. ಒಂದೇ ಪುಸ್ತಕದಲ್ಲಿ ಎರಡು ನಾಗರಿಕತೆಗಳ ಕಚೇರಿಗಳು ಹೀಗೆ ಅಕ್ಕಪಕ್ಕ ಕುಳಿತಿವೆ.

೩. ಉರುಳು, ಹೊರಳು, ಸುರುಳಿ

ಇಂಗ್ಲಿಷಿನ ‘ರೋಲ್’ ಕ್ರಿಯಾಪದಕ್ಕೆ ಕನ್ನಡದಲ್ಲಿ ಒಂದೇ ಸಮಾನಪದ ಹುಡುಕುವವನು ನಿರಾಶನಾಗುತ್ತಾನೆ. ಬಂಡೆ ಉರುಳುತ್ತದೆ, ಎಮ್ಮೆ ಕೆಸರಿನಲ್ಲಿ ಹೊರಳಾಡುತ್ತದೆ, ಚಾಪೆಯನ್ನು ಸುರುಳಿ ಸುತ್ತುತ್ತಾರೆ, ಚಪಾತಿಯನ್ನು ಲಟ್ಟಿಸುತ್ತಾರೆ. ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಇಂಗ್ಲಿಷು ಚಲನೆಯ ಆಕಾರವನ್ನು ನೋಡಿ ಹೆಸರಿಟ್ಟರೆ, ಕನ್ನಡವು ಚಲಿಸುವ ವಸ್ತು ಯಾವುದು, ಅದರ ವಶದಲ್ಲಿ ಚಲನೆ ಇದೆಯೇ ಇಲ್ಲವೇ ಎಂಬುದನ್ನು ನೋಡಿ ಹೆಸರಿಡುತ್ತದೆ.

‘ಉರುಳು’ ಪದದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಂಡೆ ಉರುಳಿತು; ಗಾಳಿಗೆ ಮರ ಉರುಳಿತು; ಲಾರಿ ಉರುಳಿಬಿದ್ದಿತು; ಕಣ್ಣೀರು ಉರುಳಿತು; ಸರ್ಕಾರ ಉರುಳಿತು; ಪತ್ರಿಕೆಯ ಕ್ರೀಡಾಪುಟದಲ್ಲಿ ವಿಕೆಟ್ ಉರುಳಿತು. ಮರವೂ ವಿಕೆಟ್ಟೂ ದುಂಡಗೆ ತಿರುಗುತ್ತ ಹೋಗುವುದಿಲ್ಲ. ನಿಂತಲ್ಲಿಂದ ಕೆಳಗೆ ಬೀಳುತ್ತವೆ. ಇಲ್ಲಿ ಮುಖ್ಯವಾದದ್ದು ದುಂಡುತನವಲ್ಲ, ನೆಲೆ ತಪ್ಪುವುದು. ತನ್ನ ನಿಲುವನ್ನು ಕಳೆದುಕೊಂಡ ವಸ್ತು, ತಡೆಯುವ ಶಕ್ತಿಯಿಲ್ಲದೆ, ಸಾಗುವುದೇ ಉರುಳುವುದು. ದಿನಗಳು ಉರುಳಿದವು ಎನ್ನುವಾಗಲೂ ಯಾರ ತಡೆಗೂ ನಿಲ್ಲದ ಚಲನೆಯ ಭಾವವಿದೆ. ಹಳೆಯ ತಮಿಳಿನಲ್ಲಿ ‘ಉರುಳ್’ ಎಂಬುದಕ್ಕೆ ಚಕ್ರ ಎಂಬ ಅರ್ಥವೂ ಇದೆ. ಆಲೂಗಡ್ಡೆಗೆ ತಮಿಳರು ‘ಉರುಳೈಕ್ಕಿೞಂಗು’ ಎಂದರೆ ದಕ್ಷಿಣದ ಕನ್ನಡಿಗರಲ್ಲಿ ಕೆಲವರು ‘ಉರುಳಗಡ್ಡೆ’ ಎನ್ನುವುದುಂಟು. ದುಂಡು ಎಂಬ ಅರ್ಥ ಈ ಧಾತುವಿನಲ್ಲಿ ಇದ್ದೇ ಇದೆ. ಕರಾವಳಿಯ ‘ಉರುಟು’ ಅದನ್ನು ಉಳಿಸಿಕೊಂಡಿದೆ. ಆದರೆ ಕನ್ನಡದ ಕ್ರಿಯಾಪದ ಅಲ್ಲಿಂದ ಹೊರಟು ‘ಬೀಳುವಿಕೆ’ಯ ಕಡೆ ಸಾಗಿದೆ.

‘ಹೊರಳು’ ಜೀವವುಳ್ಳದ್ದರ ಚಲನೆ. ನಿದ್ರೆ ಬಾರದವನು ಹಾಸಿಗೆಯಲ್ಲಿ ಹೊರಳಾಡುತ್ತಾನೆ. ಮಲಗಿದ ಮಗು ಮಗ್ಗುಲು ಹೊರಳುತ್ತದೆ. ಉತ್ತರ ಕರ್ನಾಟಕದವರು ಹಿಂದಕ್ಕೆ ಹೊರಳಿ ನೋಡುತ್ತಾರೆ. ಕಷ್ಟದ ಪದಕ್ಕೆ ನಾಲಿಗೆ ಹೊರಳುವುದಿಲ್ಲ. ಮುಂದುವರಿದು ಮಾತು ಬೇರೆ ಕಡೆ ಹೊರಳುತ್ತದೆ, ದಾರಿ ಹೊರಳುತ್ತದೆ, ಸಾಹಿತ್ಯ ಚರಿತ್ರೆಯಲ್ಲಿ ಹೊರಳುಘಟ್ಟ ಬರುತ್ತದೆ. ಇಲ್ಲಿ ನೆಲೆ ತಪ್ಪುವುದಿಲ್ಲ, ದಿಕ್ಕು ಬದಲಾಗುತ್ತದೆ. ಸರ್ಕಾರ ಉರುಳಿತು ಎಂದರೆ ಅದು ಹೋಯಿತು. ಸರ್ಕಾರದ ನೀತಿ ಹೊರಳಿತು ಎಂದರೆ ಅದು ಬೇರೆ ದಾರಿ ಹಿಡಿಯಿತು.

ಈ ವಿಂಗಡಣೆಗೆ ಒಂದು ಆಕ್ಷೇಪ ಸಹಜವಾಗಿ ಬರುತ್ತದೆ. ದೇವಾಲಯದ ಸುತ್ತ ಭಕ್ತನು ಸ್ವಇಚ್ಛೆಯಿಂದ ಮಾಡುವ ಸೇವೆ ‘ಉರುಳುಸೇವೆ’ ಎನಿಸಿಕೊಂಡಿದೆ, ‘ಹೊರಳುಸೇವೆ’ ಎಂದಲ್ಲ. ಉರುಳುವವನು ಜೀವಂತ ಮನುಷ್ಯನಲ್ಲವೇ? ಆದರೆ ಆ ಸೇವೆಯ ಆಶಯವೇ ತನ್ನ ನಿಲುವನ್ನು ಬಿಟ್ಟುಕೊಡುವುದು. ‘ದಿಂಡುರುಳು’ ಎಂಬ ಸಮಾಸ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ: ಭಕ್ತನು ಅಲ್ಲಿ ಮರದ ದಿಂಡಿನಂತಾಗುತ್ತಾನೆ. ಇದೇ ಸೇವೆಗೆ ತೆಲುಗಿನ ಹೆಸರು ‘ಪೊರ್ಲು ದಂಡಾಲು’. ಪಾಲು ಎಂಬುದು ಕನ್ನಡದಲ್ಲಿ ಹಾಲು ಆದಂತೆ ಹಳಗನ್ನಡದ ‘ಪೊರಳ್’ ಹೊಸಗನ್ನಡದಲ್ಲಿ ‘ಹೊರಳು’ ಆಯಿತು. ತೆಲುಗಿನ ‘ಪೊರ್ಲು’ ಅದರ ಸೋದರ ರೂಪ. ಕನ್ನಡ ಉರುಳು ಎಂದಲ್ಲಿ ತೆಲುಗು ಹೊರಳು ಎಂದಿದೆ. ಆದುದರಿಂದ ಮೇಲಿನ ಅರ್ಥವಿಂಗಡಣೆ ದ್ರಾವಿಡ ಭಾಷೆಗಳಿಗೆಲ್ಲ ಸಮಾನವಾದ ಆಸ್ತಿಯಲ್ಲ. ಕನ್ನಡವು ತಾನೇ ಹಾಕಿಕೊಂಡ ಗಡಿ. ಹೈದರಾಬಾದಿನಲ್ಲಿ ಎರಡು ಭಾಷೆಗಳ ನಡುವೆ ಬಾಳುವವರಿಗೆ ಈ ಗಡಿ ಮಸುಕಾಗುವುದು ಬಲು ಸುಲಭ.

ಮೂರನೆಯದು ‘ಸುರುಳಿ’. ಬಾಗುವ ಗುಣವುಳ್ಳ ವಸ್ತು ತನ್ನ ಮೇಲೆ ತಾನೇ ಸುತ್ತಿಕೊಳ್ಳುವುದು ಇದರ ತಿರುಳು: ಹಾವಿನ ಸುರುಳಿ, ಹೊಗೆಯ ಸುರುಳಿ, ಸುರುಳಿ ಹೋಳಿಗೆ. ‘ಉರುಳು–ಉರುಟು’ ಎಂಬಂತೆಯೇ ‘ಸುರುಳು–ಸುರುಟು’ ಎಂಬ ಜೋಡಿಯಿದೆ. ಒಣಗಿದ ಎಲೆ ಸುರುಟಿಕೊಳ್ಳುತ್ತದೆ. ಇದರ ಸೋದರ ರೂಪವಾದ ತಮಿಳಿನ ‘ಚುರುಟ್ಟು’ ಹೊಗೆಸೊಪ್ಪಿನ ಸುರುಳಿಗೆ ಹೆಸರಾಗಿ, ಇಂಗ್ಲಿಷಿಗೆ ಹೋಗಿ ‘ಚೆರೂಟ್’ ಆಯಿತು. ಕೊಡುಕೊಳೆ ಒಂದೇ ದಿಕ್ಕಿನಲ್ಲಿ ನಡೆದಿಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ: ಇಂಗ್ಲಿಷು ದ್ರಾವಿಡಕ್ಕೆ ರೋಲನ್ನು ಕೊಟ್ಟಿತು, ದ್ರಾವಿಡವು ಇಂಗ್ಲಿಷಿಗೆ ಸುರುಳಿಯನ್ನು ಕೊಟ್ಟಿತು. ಕ್ಯಾಸೆಟ್ಟುಗಳ ಕಾಲದಲ್ಲಿ ಕನ್ನಡ ಪತ್ರಿಕೆಗಳು ರೂಢಿಗೆ ತಂದ ‘ಧ್ವನಿಸುರುಳಿ’ ಈ ಧಾತುವಿನ ಸೊಗಸಾದ ಹೊಸ ಸೃಷ್ಟಿ. ಮುಂದೆ ತಟ್ಟೆಯಾಕಾರದ ಸಿ.ಡಿ. ಬಂದಾಗಲೂ ಎಷ್ಟೋ ಆಹ್ವಾನಪತ್ರಿಕೆಗಳಲ್ಲಿ ‘ಧ್ವನಿಸುರುಳಿ ಬಿಡುಗಡೆ’ ಎಂಬ ಮಾತೇ ಮುಂದುವರಿಯಿತು. ಚರ್ಮ ಹೋದ ಮೇಲೂ ರೋಲ್ ಉಳಿದಂತೆ, ಟೇಪು ಹೋದ ಮೇಲೂ ಸುರುಳಿ ಉಳಿಯಿತು.

ನಾಲ್ಕನೆಯದಾದ ‘ಲಟ್ಟಿಸು’ ಅಡುಗೆಮನೆಗೆ ಮೀಸಲು. ಇಲ್ಲಿ ಉರುಳುವುದು ಲಟ್ಟಣಿಗೆ, ಹಿಟ್ಟಲ್ಲ. ಕಲಬುರಗಿ, ಬೀದರದ ಮನೆಗಳಲ್ಲಿ ಚಪಾತಿಯನ್ನು ಲಟ್ಟಿಸುತ್ತಾರೆ, ಜೋಳದ ರೊಟ್ಟಿಯನ್ನು ಬಡಿಯುತ್ತಾರೆ. ಇಂಗ್ಲಿಷ್ ಪಾಕಪುಸ್ತಕದಿಂದ ಅನುವಾದಿಸುವವನು ‘ಹಿಟ್ಟನ್ನು ಉರುಳಿಸಿ’ ಎಂದು ಬರೆದರೆ ಅಡುಗೆಮನೆಯಲ್ಲಿ ಇರುವವರಿಗೆ ನಗು ಬರುತ್ತದೆ.

೪. ಒಂದು ಕಾಗುಣಿತ, ಎರಡು ಪದ

ಇಂದಿನ ಕನ್ನಡದಲ್ಲಿ ‘ಉರುಳು’ ಎಂಬುದಕ್ಕೆ ಇನ್ನೊಂದು ಅರ್ಥವಿದೆ: ಕುತ್ತಿಗೆಗೆ ಬೀಳುವ ಕುಣಿಕೆ, ನೇಣು. ವಿದ್ಯಾರ್ಥಿಗಳು ಇದನ್ನು ಕೂಡಲೇ ಉರುಳುವ ಕ್ರಿಯೆಗೆ ಜೋಡಿಸುವುದುಂಟು. ಕುಣಿಕೆ ದುಂಡಗಿದೆ, ಉರುಳುವುದೂ ದುಂಡಗಿದೆ. ಮೇಲಾಗಿ ಉರುಳು ಬಿದ್ದವನ ದೇಹ ಉರುಳುತ್ತದೆ. ಕೇಳಲು ಎಷ್ಟು ಒಪ್ಪವಾದ ವಿವರಣೆ! ಆದರೆ ಇದು ತಪ್ಪು.

ಉರುಳುವ ಕ್ರಿಯೆಯ ಪದ ತಮಿಳು, ಮಲಯಾಳಂ, ಕನ್ನಡಗಳಲ್ಲೆಲ್ಲ ಳಕಾರವನ್ನೇ ಹೊಂದಿದೆ. ಕುಣಿಕೆಯ ಪದಕ್ಕಾದರೋ ಕನ್ನಡದ ಹಳೆಯ ರೂಪ ‘ಉರುಲ್’, ಲಕಾರದಿಂದ ಕೊನೆಗೊಳ್ಳುವಂಥದು. ಉತ್ತರ ಕರ್ನಾಟಕದ ಆಡುಮಾತು ಇಂದಿಗೂ ‘ಉರ್ಲು ಹಾಕಿಕೊಂಡ’ ಎಂದು ಲಕಾರದಿಂದಲೇ ನುಡಿಯುತ್ತದೆ. ತೆಲುಗಿನಲ್ಲಿ ಇದರ ಸಂಬಂಧಿ ‘ಉರಿ’; ಗಲ್ಲುಶಿಕ್ಷೆಗೆ ತೆಲುಗರು ‘ಉರಿಶಿಕ್ಷ’ ಎನ್ನುತ್ತಾರೆ. ಅಲ್ಲಿ ಳಕಾರದ ಸುಳಿವೇ ಇಲ್ಲ. ಲಕಾರ ಳಕಾರಗಳ ಗೆರೆ ಅಳಿಸಿದಾಗ ಎರಡು ಪದಗಳು ಬರಹದಲ್ಲಿ ಒಂದಾದವು. ಳಕಾರದ ಭೇದಗಳು ಲೇಖಕರ ಹಟವಲ್ಲ, ಪದಗಳ ಜಾತಕ ಎಂಬುದನ್ನು ಹದಿಮೂರನೆಯ ಶತಮಾನದ ಕೇಶಿರಾಜನು ಅರಿತಿದ್ದ. ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ವಿಚಾರಕ್ಕೆ ಅವನು ಕೊಟ್ಟ ಗಮನದ ಬೆಲೆ ಇಂಥ ಸಂದರ್ಭಗಳಲ್ಲಿ ತಿಳಿಯುತ್ತದೆ.

ಹಾಗಾದರೆ ತೆಲುಗಿನ ‘ರೋಲು’? ಕುಟ್ಟುವ ಕಲ್ಲು ದುಂಡಗಿದೆಯೆಂದು ಅದನ್ನು ಇಂಗ್ಲಿಷಿನ ರೋಲಿಗೋ ಕನ್ನಡದ ಉರುಳಿಗೋ ಕಟ್ಟಲಾಗದು. ತಮಿಳಿನ ‘ಉರಲ್’, ಕನ್ನಡದ ‘ಒರಳು’, ತೆಲುಗಿನ ‘ರೋಲು’ ಇವು ಒಂದೇ ಪದದ ಮೂರು ರೂಪಗಳು. ಪದಾದಿಯ ಸ್ವರವೂ ಅದರ ಮುಂದಿನ ವ್ಯಂಜನವೂ ಸ್ಥಳ ಬದಲಿಸುವುದು ತೆಲುಗಿನ ವಿಶಿಷ್ಟ ಪ್ರವೃತ್ತಿ. ಕನ್ನಡದ ಎರಡು ತೆಲುಗಿನಲ್ಲಿ ರೆಂಡು. ಅವರು ಎಂಬುದು ವಾರು. ಒಳಗೆ ಎಂಬುದರ ‘ಒಳ’ ಅಲ್ಲಿ ‘ಲೋ’. ಒನಕೆ ಅಲ್ಲಿ ರೋಕಲಿ. ಈ ಸಾಲಿನಲ್ಲಿ ಒರಳು ರೋಲು ಆಗುವುದು ನಿಯಮಬದ್ಧ. ಉಸ್ಮಾನಿಯಾದಲ್ಲಿ ಭಾಷಾವಿಜ್ಞಾನ ವಿಭಾಗವನ್ನು ಬೆಳೆಸಿದ ಭದ್ರಿರಾಜು ಕೃಷ್ಣಮೂರ್ತಿಯವರು ‘ತೆಲುಗು ವರ್ಬಲ್ ಬೇಸಸ್’ (೧೯೬೧) ಗ್ರಂಥದಲ್ಲಿ ತೆಲುಗಿನ ಇಂಥ ಧ್ವನಿಪಲ್ಲಟಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ್ದಾರೆ. ಅದೇ ವರ್ಷ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವೂ ಹೊರಬಂದಿತು. ಒರಳಿನಲ್ಲಿ ತಲೆಯಿಟ್ಟ ಮೇಲೆ ಒನಕೆಯ ಪೆಟ್ಟಿಗೆ ಅಂಜಬಾರದೆಂಬ ಗಾದೆ ಎರಡೂ ಭಾಷೆಗಳಲ್ಲಿದೆ; ಗಾದೆ ಒಂದೇ, ಒರಳೂ ಒಂದೇ, ಅಕ್ಷರಗಳ ಸ್ಥಾನ ಮಾತ್ರ ಬೇರೆ.

೫. ನಿಘಂಟು ಮತ್ತು ನಾಲಿಗೆ

ಮೇಲಿನ ವಿವೇಚನೆಯಿಂದ ಎರಡು ವಿರುದ್ಧ ಚಿತ್ರಗಳು ದೊರೆಯುತ್ತವೆ. ಹಾಜರಿಯ ರೋಲ್, ನಟನ ರೋಲ್ ಇವುಗಳ ಅರ್ಥದಲ್ಲಿ ಹೋಲಿಕೆಯೇ ಇಲ್ಲ. ಆದರೂ ಅವು ಒಂದೇ ಪದ. ಉರುಳುವ ಬಂಡೆ, ಕೊರಳಿನ ಉರುಳು ಇವುಗಳ ಅರ್ಥವನ್ನು ಸುಲಭವಾಗಿ ಹೊಂದಿಸಬಹುದು. ಆದರೂ ಅವು ಬೇರೆ ಪದಗಳು. ಅರ್ಥದ ಹೋಲಿಕೆ ಪದಗಳ ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ, ಹೋಲಿಕೆಯ ಅಭಾವ ಅದಕ್ಕೆ ಬಾಧಕವೂ ಅಲ್ಲ. ನಿರ್ಣಯ ನಿಲ್ಲಬೇಕಾದದ್ದು ಧ್ವನಿನಿಯಮ ಮತ್ತು ದಾಖಲೆಗಳ ಮೇಲೆ. ಒಂದು ಪದದ ಹಲವು ಅರ್ಥಗಳನ್ನು ಒಂದೇ ನಮೂದಿನಲ್ಲಿ ಕ್ರಮವಾಗಿ ಕೊಡುವುದು, ಒಂದೇ ರೂಪದ ಬೇರೆ ಪದಗಳನ್ನು ಬೇರೆ ನಮೂದುಗಳಲ್ಲಿ ಕೊಡುವುದು ನಿಘಂಟುಕಾರನ ಧರ್ಮ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕೋಶವನ್ನು ವಿದ್ಯಾರ್ಥಿ ತೆರೆಯಬೇಕಾದದ್ದು ಅರ್ಥ ತಿಳಿಯಲು ಮಾತ್ರವಲ್ಲ. ನೆರೆಯ ಭಾಷೆಗಳ ಸೋದರ ರೂಪಗಳನ್ನು ಪಕ್ಕದಲ್ಲಿಟ್ಟು ನೋಡುವ ಅಭ್ಯಾಸಕ್ಕೂ.

ಹೈದರಾಬಾದಿನ ಕನ್ನಡ ವಿದ್ಯಾರ್ಥಿಗೆ ಈ ವಿಷಯ ಕೇವಲ ಶಾಸ್ತ್ರಚರ್ಚೆಯಲ್ಲ. ಅವನ ಮನೆಮಾತು ಕನ್ನಡ, ಬೀದಿಯ ಮಾತು ತೆಲುಗು ಹಾಗೂ ದಖನಿ, ಓದಿನ ಭಾಷೆ ಇಂಗ್ಲಿಷ್. ನಾರಾಯಣಪೇಟೆ, ತಾಂಡೂರು, ಜಹೀರಾಬಾದುಗಳಂಥ ಗಡಿಯ ಊರುಗಳಿಂದ ಬಂದವನಿಗೆ ಈ ಬೆರಕೆ ಹುಟ್ಟಿನಿಂದಲೇ ಬಂದದ್ದು. ಇಂಥವನು ಅನುವಾದಕ್ಕೆ ಕುಳಿತಾಗ ಇಂಗ್ಲಿಷ್–ಕನ್ನಡ ನಿಘಂಟಿನ ಮೊದಲ ಅರ್ಥವನ್ನೇ ಹಿಡಿದು ‘ಹಾಸಿಗೆಯಲ್ಲಿ ಉರುಳಾಡಿದನು’ ಎಂದು ಬರೆಯುವ ಅಪಾಯವಿದೆ. ಹಾಗೆ ಬರೆದಾಗ ತಪ್ಪುವುದು ಒಂದು ಪದವಷ್ಟೇ ಅಲ್ಲ. ನೆಲೆ ತಪ್ಪಿ ಸಾಗುವುದಕ್ಕೂ ನೋವಿನಿಂದ ಮಗ್ಗುಲು ಬದಲಿಸುವುದಕ್ಕೂ ನಡುವೆ ಕನ್ನಡ ಎಳೆದುಕೊಂಡ ಗೆರೆಯೇ ಅಳಿಸಿಹೋಗುತ್ತದೆ. ಒಂದು ಭಾಷೆ ತನ್ನ ಪದಗಳನ್ನು ಕಳೆದುಕೊಳ್ಳುವ ಮೊದಲು ಪದಗಳ ನಡುವಣ ಭೇದಗಳನ್ನು ಕಳೆದುಕೊಳ್ಳುತ್ತದೆ. ಪದ ಹೋದರೆ ಕಣ್ಣಿಗೆ ಕಾಣುತ್ತದೆ. ಭೇದ ಹೋದರೆ ಕಾಣುವುದಿಲ್ಲ.

ಅದೇ ವಿದ್ಯಾರ್ಥಿಗೆ ಇನ್ನಾರಿಗೂ ಸುಲಭವಾಗಿ ದೊರೆಯದ ಸೌಲಭ್ಯವೂ ಇದೆ. ಏಕಭಾಷಿಕ ಊರಿನಲ್ಲಿ ಬೆಳೆದವನು ಪುಸ್ತಕ ತೆರೆದು ಕಲಿಯಬೇಕಾದ ಒರಳು–ರೋಲು, ಹೊರಳು–ಪೊರ್ಲು, ಉರುಲ್–ಉರಿ ಜೋಡಿಗಳು ಇವನಿಗೆ ಬೀದಿಯಲ್ಲಿ ಕೇಳಸಿಗುತ್ತವೆ. ಕಿವಿ ಕೊಟ್ಟು ಕೇಳಿ, ನಿಯಮವಿಟ್ಟು ಪರೀಕ್ಷಿಸಿದರೆ ಬೆರಕೆಯೆಂದು ಹೀಗಳೆಯುವ ಪರಿಸರವೇ ತೌಲನಿಕ ವ್ಯಾಕರಣದ ಪಾಠಶಾಲೆಯಾಗುತ್ತದೆ. ಹಾಜರಿ ಕರೆದಾಗ ‘ರೋಲ್ ನಂಬರ್’ ಎಂಬ ಮಾತಿಗೆ ಓಗೊಡುವ ವಿದ್ಯಾರ್ಥಿ ಆ ಎರಡು ಅಕ್ಷರಗಳ ಹಿಂದೆ ಒಂದು ಚಕ್ರ, ಒಂದು ಚರ್ಮದ ಸುರುಳಿ, ಒಂದು ರಥ ಇರುವುದನ್ನು ಅರಿತಿದ್ದರೆ, ತನ್ನ ಭಾಷೆಯ ಉರುಳು ಹೊರಳುಗಳನ್ನೂ ಅಷ್ಟೇ ಎಚ್ಚರದಿಂದ ಬಳಸುವನು.